ರಾಜ್ಯಶಾಸ್ತ್ರ ಓದುವವರು ಗ್ರಾಮಸಭೆಗೆ ಯಾಕೆ ಬರಲ್ಲ?

"ಸೈನ್ಸ್ ಸಿಗಲಿಲ್ಲ, ಕಾಮರ್ಸ್ ಕೈಗೆ ಹತ್ತಲಿಲ್ಲ, ಅದಕ್ಕೇ ಬಿ.ಎ. ಸೇರಿದ." ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುವ ಮಕ್ಕಳ ಬಗ್ಗೆ ಊರಲ್ಲಿ ಕೇಳುವ ಮಾತು ಇದು. ನಾವು ಒಪ್ಪುವುದಿಲ್ಲ. ಹಳ್ಳಿಗೆ ಇದಕ್ಕಿಂತ ಬೇಕಾದ ಓದು ಇನ್ನೊಂದಿಲ್ಲ. ನಮ್ಮ ತಕರಾರು ಇರುವುದು ಅದನ್ನು ಕಲಿಸುವ ರೀತಿಯ ಬಗ್ಗೆ.

ಪ್ಲೇಟೋನ ಆದರ್ಶ ರಾಜ್ಯದ ಬಗ್ಗೆ ಪುಟಗಟ್ಟಲೆ ಬರೆಯುವವರಿಗೆ ತಮ್ಮ ವಾರ್ಡ್ ಸಭೆ ಯಾವಾಗ ನಡೆಯಿತೆಂದು ಗೊತ್ತಿರುವುದಿಲ್ಲ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ ಎಂದು ಗೈಡ್ ನೋಡಿ ಬಾಯಿಪಾಠ ಮಾಡುತ್ತಾರೆ. ಆ 29ರಲ್ಲಿ ಕುಡಿಯುವ ನೀರಿದೆ, ರಸ್ತೆಯಿದೆ, ಶಾಲೆಯಿದೆ. ಮನೆ ಮುಂದಿನ ಒಣಗಿದ ನಲ್ಲಿಯೂ ಸಿಲಬಸ್ಸಿನಲ್ಲೇ ಇದೆ ಎಂದು ಹೇಳಿಕೊಡುವವರಿಲ್ಲ.

ಇದರ ನಷ್ಟ ಯಾರಿಗೆ? ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆ ಆರಿಸಬೇಕು. ಜನ ಬಾರದಿದ್ದರೆ ಪಟ್ಟಿ ಇನ್ನೆಲ್ಲೋ ತಯಾರಾಗುತ್ತದೆ, ಸಹಿ ಹಾಕಿಸಿಕೊಳ್ಳಲು ಪುಸ್ತಕ ಮನೆಬಾಗಿಲಿಗೆ ಬರುತ್ತದೆ. ಗುಡಿಸಲಲ್ಲಿರುವ ಅಜ್ಜಿಯ ಹೆಸರು ಬಿಟ್ಟುಹೋದಾಗ ಎದ್ದುನಿಂತು "ನಡಾವಳಿ ತೋರಿಸಿ" ಎನ್ನಬೇಕಾದವರು ಕಾನೂನು ಓದಿಕೊಂಡ ಈ ಮಕ್ಕಳೇ ಅಲ್ಲವೇ?

73ನೇ ತಿದ್ದುಪಡಿಗೂ ಮೊದಲೇ, 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಟ್ಟಿದ ನಾಡು ನಮ್ಮದು. ಹಳ್ಳಿಗರು 'ನೀರ್ ಸಾಬ್' ಎಂದು ಕರೆದ ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆ ಅದು. ಅದನ್ನು ಪರೀಕ್ಷೆಯ ಟಿಪ್ಪಣಿಯಾಗಿಸಿ ಕೈತೊಳೆದುಕೊಂಡಿದ್ದೇವೆ.

"ಕಾಲೇಜಿಗೆ ರಾಜಕೀಯ ತರಬೇಡಿ" ಎನ್ನುವವರಿದ್ದಾರೆ. ಪಕ್ಷದ ಬಾವುಟ ಹಿಡಿಯುವುದು ಬೇರೆ, ಪಂಚಾಯಿತಿಯ ಜಮಾ-ಖರ್ಚು ಕೇಳುವುದು ಬೇರೆ. ಚುನಾವಣೆ ಬಂದಾಗ ಇದೇ ಹುಡುಗರನ್ನು ಬೈಕ್ ರ‍್ಯಾಲಿಗೆ ಕರೆಯುತ್ತಾರಲ್ಲ, ಆಗ ಈ ಮಾತು ಎಲ್ಲಿ ಹೋಗಿರುತ್ತದೆ?

ನಾವು ಕೇಳುವುದು ಎರಡೇ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕೆ ಹೋಗಿ ಬರೆದ ವರದಿಗೆ ಇಂಟರ್ನಲ್ ಅಂಕ ಕೊಡಿ. ಪ್ರತಿ ವಿದ್ಯಾರ್ಥಿಯಿಂದ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

18ಕ್ಕೆ ಓಟು, 21ಕ್ಕೆ ಪಂಚಾಯಿತಿ ಚುನಾವಣೆಗೆ ನಿಲ್ಲುವ ಹಕ್ಕು. ಡಿಗ್ರಿಯ ಮೂರು ವರ್ಷ ಸರಿಯಾಗಿ ಇವೆರಡರ ನಡುವೆ ಬರುತ್ತದೆ. ನಿಮ್ಮ ಮನೆಯಲ್ಲಿ ರಾಜ್ಯಶಾಸ್ತ್ರ ಓದುವ ಮಗಳಿದ್ದರೆ ಮುಂದಿನ ಗ್ರಾಮಸಭೆಗೆ ಜೊತೆಯಲ್ಲಿ ಕರೆದೊಯ್ಯಿರಿ. ಅವಳು ಪ್ರಶ್ನೆ ಕೇಳಲಿ, ಪಿಡಿಒ ಉತ್ತರ ಕೊಡಲಿ.