ಆಸ್ಪತ್ರೆಯ ನಕ್ಷೆ ಯಾರಿಗಾಗಿ?

ಆರೋಗ್ಯ ಸೇವೆಯ ಚರ್ಚೆ ಬಂದಾಗಲೆಲ್ಲ ನಾವು ವೈದ್ಯರ ಕೊರತೆ, ಔಷಧಿಯ ಬೆಲೆ, ಯಂತ್ರೋಪಕರಣಗಳ ಬಗ್ಗೆ ಮಾತನಾಡುತ್ತೇವೆ. ಕಟ್ಟಡದ ಮಾತು ಬರುವುದು ಉದ್ಘಾಟನೆಯ ದಿನ ಮಾತ್ರ. ಆದರೆ ರೋಗಿ ಗುಣಮುಖನಾಗುವುದರಲ್ಲಿ ಕಟ್ಟಡಕ್ಕೂ ಪಾಲಿದೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಆಸ್ಪತ್ರೆಗಳ ಕುರಿತ ತಮ್ಮ ಪುಸ್ತಕದಲ್ಲಿ ಗಾಳಿ, ಬೆಳಕಿಗೆ ಒತ್ತು ನೀಡಿದ್ದರು. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆಯನ್ನು ನೋಡುತ್ತಾ ಮಲಗಿದವರಿಗಿಂತ ಬೇಗ ಮನೆಗೆ ಮರಳಿದ್ದರು.

ಇಷ್ಟಾದರೂ ಇಂದು ನಗರಗಳಲ್ಲಿ ಗಾಜಿನ ಮುಖ, ಮುಚ್ಚಿದ ಕಿಟಕಿ, ಹವಾನಿಯಂತ್ರಣವೇ ಆಧುನಿಕ ಆಸ್ಪತ್ರೆಯ ಲಕ್ಷಣವೆನಿಸಿದೆ. 2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಹೊರಹೋಗಲಾಗದೆ ಸುಮಾರು 90 ಮಂದಿ ಪ್ರಾಣ ಕಳೆದುಕೊಂಡರು. ಇದು ನಮ್ಮನ್ನು ಎಚ್ಚರಿಸಬೇಕಾದ ಘಟನೆ.

ಒಂದೇ ನಕ್ಷೆ ಎಲ್ಲ ಊರಿಗೂ ಸಲ್ಲದು. ನಮ್ಮ ಕರಾವಳಿಗೆ ಮಳೆ ತಡೆಯುವ ಇಳಿಜಾರು ಮಾಡು, ಅಗಲವಾದ ಜಗಲಿ, ಗಾಳಿಯಾಡುವ ಕಿಟಕಿಗಳು ಬೇಕು. ಆದರೆ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ಕೊಂಕಲ್‌ನಂಥ ಬಯಲುಸೀಮೆಯ ಊರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿನ ಹಿರಿಯರು ದಪ್ಪ ಗೋಡೆ, ಚಪ್ಪಟೆ ಮಾಳಿಗೆಯ ಮನೆ ಕಟ್ಟಿದ್ದು ಸುಮ್ಮನೆ ಅಲ್ಲ. ಅಲ್ಲಿ ಗಾಜಿನ ಕಟ್ಟಡ ನಿಲ್ಲಿಸಿದರೆ, ವಿದ್ಯುತ್ ಕೈಕೊಟ್ಟಾಗ ವಾರ್ಡು ಒಲೆಯಾಗುತ್ತದೆ. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ. ಇಷ್ಟು ಜನ ಅವಲಂಬಿಸಿರುವಲ್ಲಿ ರೋಗಿಯ ಜೊತೆ ಬಂದ ಮನೆಯವರಿಗೆ ನೆರಳು, ಕುಡಿಯುವ ನೀರು, ಶೌಚಾಲಯವೂ ಚಿಕಿತ್ಸೆಯಷ್ಟೇ ಅಗತ್ಯ. ಕ್ಷಯರೋಗಿಯೂ ಬಾಣಂತಿಯೂ ಒಂದೇ ಇಕ್ಕಟ್ಟಿನ ಪಡಸಾಲೆಯಲ್ಲಿ ಕಾಯುವಂತಾದರೆ ಆಸ್ಪತ್ರೆಯೇ ರೋಗ ಹರಡುವ ಜಾಗವಾಗುತ್ತದೆ.

ಅನುಭವಿ ವಾಸ್ತುಶಿಲ್ಪಿಗಳು ಈಗ ಗೆರೆ ಎಳೆಯುವ ಮೊದಲೇ ದಾದಿಯರನ್ನೂ ಸ್ವಚ್ಛತಾ ಸಿಬ್ಬಂದಿಯನ್ನೂ ಕೇಳುತ್ತಾರೆ. ಸ್ಟ್ರೆಚರ್ ಈ ತಿರುವಿನಲ್ಲಿ ಹೊರಳುತ್ತದೆಯೇ? ರಾತ್ರಿ ಪಾಳಿಯ ದಾದಿಗೆ ತನ್ನ ಜಾಗದಿಂದ ಎಲ್ಲ ಹಾಸಿಗೆಗಳೂ ಕಾಣುತ್ತವೆಯೇ? ಕಾಗದದ ಮೇಲಿನ ಗೋಡೆಯನ್ನು ಅಳಿಸುವುದು ಸುಲಭ, ಕಟ್ಟಿದ ಗೋಡೆಯನ್ನು ಒಡೆಯಲು ಲಕ್ಷಗಟ್ಟಲೆ ಹಣ ಬೇಕು.

ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಔಷಧಿ ಕೊಡಲು ಆರಂಭಿಸಿದರು. ಕುಷ್ಠರೋಗಿಗಳ ಆಶ್ರಯಧಾಮ ಬಂದದ್ದು 1890ರಲ್ಲಿ. ಅಲ್ಲಿ ಸೇವೆ ಮೊದಲು, ಅಗತ್ಯ ಕಂಡಂತೆ ಕಟ್ಟಡ. ಇಂದು ದಾನಿಗಳ ನೆರವಿನಿಂದ ಚಿಕಿತ್ಸಾಲಯ ಕಟ್ಟಲು ಹೊರಡುವ ನಮ್ಮ ಸಂಸ್ಥೆಗಳೂ ಸಮಿತಿಗಳೂ ಇದೇ ಕ್ರಮವನ್ನು ಪಾಲಿಸಲಿ. ಶಿಲಾನ್ಯಾಸದ ದಿನಾಂಕ ಗೊತ್ತುಮಾಡುವ ಮೊದಲು ಸಮಿತಿಯ ಸಭೆಗೆ ಒಬ್ಬ ದಾದಿಯನ್ನು, ಒಬ್ಬ ಅಂಗವಿಕಲರನ್ನು, ವಾರಗಟ್ಟಲೆ ಆಸ್ಪತ್ರೆಯಲ್ಲಿ ಕಳೆದ ಒಬ್ಬ ಬಡ ರೋಗಿಯನ್ನು ಕರೆದು ಕೂರಿಸಿ, ನಕ್ಷೆಯನ್ನು ಅವರ ಮುಂದಿಡೋಣ.