ಕ್ಯಾನ್ಸರ್ ವಾರ್ಡ್ ಅಂದ್ರೆ ಭಯ ಯಾಕೆ?

ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂದು ವರ್ಷ ಕೆಲಸವೂ ಮಾಡಿದ್ದೀರಿ. ಕ್ಯಾನ್ಸರ್, ರಕ್ತದ ಕಾಯಿಲೆಗಳ ಶುಶ್ರೂಷೆಯಲ್ಲಿ ಮುಂದೆ ಓದುವ ಆಸೆ. ಮನೆಯಲ್ಲಿ ಮಾತ್ರ ‘ಆ ವಾರ್ಡೇ ಬೇಕಾ? ನಾಳೆ ಮದುವೆ, ಮಕ್ಕಳು ಬೇಡ್ವಾ?’ ಅನ್ನೋ ರಾಗ.

ಕ್ಯಾನ್ಸರ್ ಅಂಟುರೋಗ ಅಲ್ಲ. ಆದರೆ ಕಿಮೋ ಔಷಧಿಯ ವಿಷಯದಲ್ಲಿ ಅಮ್ಮನ ಆತಂಕ ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಗ್ಲೌಸು, ಗೌನು, ಔಷಧಿ ಬೆರೆಸಲು ಪ್ರತ್ಯೇಕ ಕ್ಯಾಬಿನೆಟ್ಟು ಇರೋದು. ಇವಿಲ್ಲದ ಆಸ್ಪತ್ರೆಗೆ ಹೋಗಲೇಬೇಡಿ. ಗರ್ಭಿಣಿಯಾದರೆ, ಆಗುವ ಯೋಚನೆ ಇದ್ದರೂ ಸರಿ, ಸಂಕೋಚಪಡದೆ ಹೇಳಿ ಆ ಕೆಲಸದಿಂದ ಬಿಡುವು ಕೇಳಿ.

ಇಷ್ಟೆಲ್ಲ ಇದ್ದೂ ಈ ಓದು ಯಾಕೆ ಅಂತೀರಾ? ಲುಕೇಮಿಯಾದ ಮಗುವಿಗೆ ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಕೊಟ್ಟರೆ ಔಷಧಿ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಕಿಮೋ ಆಗಿ 10 ದಿನಕ್ಕೆ ಬಂದ ಜ್ವರ ‘ನೆಗಡಿಯದ್ದಿರಬೇಕು’ ಅನ್ನಿಸಬಹುದು. ಬಿಳಿ ರಕ್ತಕಣ ಕುಸಿದಿದ್ದರೆ ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ರಾತ್ರಿ ಪಾಳಿಯಲ್ಲಿ ಅದನ್ನು ಮೊದಲು ಗುರುತಿಸಬೇಕಾದವರು ನೀವೇ.

ಎಂಎಸ್ಸಿ 2 ವರ್ಷ. ಹೆಚ್ಚಾಗಿ ಪಾಠ ಹೇಳುವ ಕೆಲಸದ ಕಡೆಗೇ ಒಯ್ಯುತ್ತದೆ. ರೋಗಿಯ ಹತ್ತಿರವೇ ಇರಬೇಕು ಅನ್ನುವವರಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದ 1 ವರ್ಷದ ಆಂಕಾಲಜಿ ಡಿಪ್ಲೊಮಾ ಮೇಲು ಅಂತ ನನ್ನ ಅನಿಸಿಕೆ. ಫೀಸು ಕಟ್ಟುವ ಮುನ್ನ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದುಡಿಯುವ ಸಿಸ್ಟರ್ ಒಬ್ಬರನ್ನು ಮಾತಾಡಿಸಿ. ಕೋರ್ಸ್ ಮುಗಿದ ಮೇಲೆ ಅದೇ ವಾರ್ಡಿನಲ್ಲಿ ಇಟ್ಟುಕೊಳ್ತಾರಾ, ಇಲ್ಲಾ ಹೆರಿಗೆ ವಾರ್ಡಿಗೆ ಹಾಕ್ತಾರಾ, ಸಂಬಳ ಎಷ್ಟು ಏರುತ್ತೆ, ಎಲ್ಲ ಕೇಳಿ. ಉತ್ತರ ಕಾಗದದ ಮೇಲಿದ್ದರೆ ಇನ್ನೂ ಒಳ್ಳೇದು.