ದಂಪತಿಗಳ ವಿಹಾರ

ಇತ್ತೀಚೆಗೆ ಮದುವೆಯಾದ ವಾಚಕರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಮಡದಿಯೊಡನೆ ನಾಲ್ಕು ದಿನ ಎಲ್ಲಿಗಾದರೂ ಹೋಗಿಬರಬೇಕೆಂದಿದ್ದಾರಂತೆ. ಉದಕಮಂಡಲವೇ, ಮಡಿಕೇರಿಯೇ, ಆಗುಂಬೆಯೇ, ಯಾವುದು ಉತ್ತಮವೆಂದು ತಿಳಿಸಬೇಕಂತೆ. ಆಗುಂಬೆಯ ಸೂರ್ಯಾಸ್ತಕ್ಕೆ ನಮ್ಮ ಶಿಫಾರಸು ಬೇಕಾಗಿಲ್ಲ. ಆದರೆ ಆ ಕಾಗದವನ್ನು ಓದಿದಾಗ ನಮ್ಮದೇ ಒಂದು ತಪ್ಪು ನೆನಪಿಗೆ ಬಂದಿತು. ಸ್ಥಳಗಳ ಪಟ್ಟಿಗಿಂತ ಅದರಿಂದಲೇ ಅವರಿಗೆ ಹೆಚ್ಚು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮದುವೆಯಾಗಿ ೨೨ ವರ್ಷಗಳಾದ ಮೇಲೆ, ಒಂದು ಆಷಾಢದಲ್ಲಿ, ನಮ್ಮಾಕೆಯೊಡನೆ ಜೋಗಕ್ಕೆ ಹೊರಟೆವು. (ಹೊಸ ಸೊಸೆಯನ್ನು ಆಷಾಢದಲ್ಲಿ ತವರಿಗೆ ಕಳುಹಿಸುವ ಪದ್ಧತಿ ಹಳಬರಿಗೆ ಅನ್ವಯಿಸುವುದಿಲ್ಲವಷ್ಟೆ! ಹಬ್ಬಗಳ ಗಡಿಬಿಡಿಯಿಲ್ಲದ ಮಾಸವಾದುದರಿಂದ ಗೃಹಿಣಿಗೆ ತುಸು ಬಿಡುವು ದೊರೆಯುವುದೂ ಆಗಲೇ.) ಮೂರು ದಿನಗಳಲ್ಲಿ ಜೋಗ, ಇಕ್ಕೇರಿ, ಕೆಳದಿ, ಶೃಂಗೇರಿ, ಆಗುಂಬೆ ಇಷ್ಟನ್ನೂ ಮುಗಿಸಿಬಿಡಬೇಕೆಂದು ಗಂಟೆಗಂಟೆಗೂ ಲೆಕ್ಕ ಹಾಕಿ ಬರೆದಿಟ್ಟುಕೊಂಡಿದ್ದೆವು. ರಾತ್ರಿಯ ರೈಲಿನಲ್ಲಿ ಬಂದು ತಾಳಗುಪ್ಪದಲ್ಲಿ ಇಳಿದು, ಬೆಳಗಾದ ಸ್ವಲ್ಪ ಹೊತ್ತಿಗೆಲ್ಲ ಜಲಪಾತದ ಎದುರಿಗೆ ನಿಂತೆವು. ಕಂಡದ್ದೇನು? ಬರಿಯ ಬಿಳಿಯ ಮಂಜು! ಶರಾವತಿಯು ೨೫೩ ಮೀಟರು, ಹಳೆಯ ಲೆಕ್ಕದಲ್ಲಿ ೮೩೦ ಅಡಿ, ಕೆಳಕ್ಕೆ ಧುಮುಕುವ ಭೋರ್ಗರೆತ ಕಿವಿಗೆ ಬೀಳುತ್ತಿತ್ತು. ಕಣ್ಣಿಗೆ ಮಾತ್ರ ರಾಜನೂ ಇಲ್ಲ, ರಾಣಿಯೂ ಇಲ್ಲ, ರೋರರ್, ರಾಕೆಟ್‌ಗಳ ಸುಳಿವೂ ಇಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಂದಿನಿಂದ ಬೇಸಗೆಯಲ್ಲಿ ಅಲ್ಲಿ ಬಂಡೆ ಹೆಚ್ಚು, ನೀರು ಕಡಮೆ. ನೀರು ಬೇಕಾದವರು ಮಳೆಗಾಲದಲ್ಲಿ ಹೋಗಬೇಕು. ಮಳೆಗಾಲದಲ್ಲಿ ಹೋದವರು ಮಂಜನ್ನೂ ಸಹಿಸಬೇಕು.

ನಾವು ಗಡಿಯಾರ ನೋಡಿಕೊಳ್ಳುತ್ತ ಚಡಪಡಿಸಿದೆವು. ಇಕ್ಕೇರಿಗೆ ಹೊತ್ತಾಗುತ್ತದೆ, ಹೊರಡೋಣವೆಂದೆವು.

“ನೀವು ಬೇಕಾದರೆ ಹೋಗಿಬನ್ನಿ. ನಾನು ಇಲ್ಲೇ ಕೂತಿರುತ್ತೇನೆ. ಇಲ್ಲಿ ನನಗೆ ಏನೂ ಕೆಲಸವಿಲ್ಲವಲ್ಲ, ಅದೇ ಸುಖವಾಗಿದೆ” ಎಂದಳು ನಮ್ಮಾಕೆ.

ಬೇರೆ ದಾರಿಯಿಲ್ಲದೆ ನಾವೂ ಪಕ್ಕದಲ್ಲಿ ಕುಳಿತೆವು. ಸುಮ್ಮನೆ ಕುಳಿತವರಿಗೆ ಹಳೆಯ ಮಾತು ಬರುವುದು ಸಹಜ. ಮದುವೆಯಾದ ವರ್ಷದ ದಸರೆಯ ಪ್ರಸ್ತಾಪವನ್ನು ನಾವೇ ತೆಗೆದೆವು. ಮನೆಮಂದಿಯೆಲ್ಲ ಮೈಸೂರಿಗೆ ಹೋದದ್ದು, ಛತ್ರದಲ್ಲಿ ಇಳಿದುಕೊಂಡದ್ದು, ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ನಿಂತು ಚಿನ್ನದ ಅಂಬಾರಿಯನ್ನು ಕಣ್ತುಂಬ ನೋಡಿದ್ದು. ಅದೇ ನಮ್ಮಿಬ್ಬರ ಮೊದಲ ವಿಹಾರವೆಂದು ಮಕ್ಕಳಿಗೆ ಎಷ್ಟು ಸಲ ಬಣ್ಣಿಸಿದ್ದೆವೋ!

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅನಂತರ, “ನಾನು ಅಂಬಾರಿ ನೋಡಲಿಲ್ಲ” ಎಂದಳು.

ನಮ್ಮ ಅಜ್ಜಿಗೆ ಆ ದಿನ ಜ್ವರ ಬಂದಿತ್ತಂತೆ. ಅವರ ಬಳಿ ಒಬ್ಬರು ಇರಬೇಕು. ಮೆರವಣಿಗೆಯಿಂದ ಹಸಿದು ಬರುವ ಹನ್ನೊಂದು ಜನಕ್ಕೆ ಅಡಿಗೆಯೂ ಆಗಬೇಕು. ಹೊಸ ಸೊಸೆ ಛತ್ರದಲ್ಲಿಯೇ ಉಳಿದಳು. ಬ್ಯಾಂಡಿನ ಸದ್ದು ಮಾತ್ರ ಕೇಳಿಸಿತಂತೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನಿಂತಿದ್ದುದರಿಂದ ನಮಗದು ತಿಳಿಯಲಿಲ್ಲ. ನಾವು ವಿಚಾರಿಸಲೂ ಇಲ್ಲ.

“ಇಷ್ಟು ವರ್ಷ ಏಕೆ ಹೇಳಲಿಲ್ಲ?”

“ನೀವು ಅಷ್ಟು ಸಂತೋಷವಾಗಿ ಹೇಳುತ್ತಿದ್ದಿರಿ. ಮಕ್ಕಳೂ ಕೇಳುತ್ತಿದ್ದರು.”

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾವು ಏನಾದರೂ ಸಮಾಧಾನ ಹೇಳಬಹುದಾಗಿತ್ತು.

ನಮ್ಮ ಸಂಸಾರಗಳಲ್ಲಿ ಗಂಡಹೆಂಡಿರು ಮಾತಾಡುವುದಿಲ್ಲವೆಂದಲ್ಲ. ಹಾಲಿನ ಲೆಕ್ಕ, ಮಕ್ಕಳ ಶಾಲೆಯ ಫೀಜು, ನಾದಿನಿಯ ಮನೆಯ ಗೃಹಪ್ರವೇಶದ ಉಡುಗೊರೆ, ಇವುಗಳ ಮಾತಿಗೆ ಕೊರತೆಯೇನು? ಸಪ್ತಪದಿಯಲ್ಲಿ ಏಳನೆಯ ಹೆಜ್ಜೆ ಸಖ್ಯಕ್ಕೆಂದು ಇಡತಕ್ಕದ್ದು. ಅನ್ನ, ಬಲ, ಸಂತಾನ ಮೊದಲಾದುವುಗಳಿಗಾಗಿ ಇಟ್ಟ ಹೆಜ್ಜೆಗಳ ಕೆಲಸವೇ ಬೆಳಗಿನಿಂದ ರಾತ್ರಿಯವರೆಗೂ ನಮ್ಮನ್ನು ಹಿಡಿದಿರುತ್ತದೆ, ಏಳನೆಯದಕ್ಕೆ ಬಿಡುವೆಲ್ಲಿ? ಊರು ಬಿಟ್ಟು ಹೋಗುವುದು ಅದಕ್ಕಾಗಿ. ಅಲ್ಲಿಯೂ ಪುಳಿಯೋಗರೆಯ ಡಬ್ಬಿ, ಔಷಧದ ಚೀಲ, ಗಂಡನ ಒಗೆದ ಬಟ್ಟೆಗಳ ಚಿಂತೆ ಆಕೆಯ ಬೆನ್ನು ಹತ್ತಿದರೆ, ಗಂಡನಿಗೆ ಸಿಕ್ಕಿದ್ದು ರಜ, ಹೆಂಡತಿಗೆ ಸಿಕ್ಕಿದ್ದು ವರ್ಗಾವಣೆ!

ಆದುದರಿಂದ ನಮ್ಮ ವಾಚಕ ಮಿತ್ರರಿಗೆ ಹೇಳುವುದಿಷ್ಟೆ: ನಾಲ್ಕು ದಿನಕ್ಕೆ ಒಂದೇ ಊರು ಸಾಕು. ಊಟ ತಿಂಡಿಗಳನ್ನು ಹೋಟೆಲಿನವರಿಗೆ ಬಿಡಿ. ಮತ್ತೊಂದು ವಿಷಯ, ತಮ್ಮ ಎರಡು ಪುಟಗಳ ಕಾಗದದಲ್ಲಿ ರೈಲಿನ ವೇಳೆಯಿದೆ, ಖರ್ಚಿನ ಅಂದಾಜಿದೆ, ಮಡದಿಯ ಇಷ್ಟವೇನೆಂಬುದು ಮಾತ್ರ ಎಲ್ಲಿಯೂ ಇಲ್ಲ. ನಮ್ಮನ್ನು ಕೇಳುವುದಕ್ಕೆ ಮುಂಚೆ ಅವರನ್ನು ಕೇಳಬಹುದಾಗಿತ್ತು.

ಜೋಗದ ಮಂಜು ಸರಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಮೊದಲು ರಾಜ ಕಂಡಿತು, ಆಮೇಲೆ ಉಳಿದವು. ಇಕ್ಕೇರಿಗೆ ನಾವು ಹೋಗಲೇ ಇಲ್ಲ. ಅದೇ ವರ್ಷ ದಸರೆಗೆ ಇಬ್ಬರೇ ಮೈಸೂರಿಗೆ ಹೋಗಿ, ಬೆಳಿಗ್ಗೆಯೇ ಜಾಗ ಹಿಡಿದು ಕುಳಿತೆವು. ಅಂಬಾರಿ ಎದುರಿನಿಂದ ದಾಟಿಹೋಯಿತು. ನಮ್ಮಾಕೆ ಕೈಮುಗಿದು, ಅದು ಮರೆಯಾಗುವವರೆಗೂ ನೋಡಿ, ನಮ್ಮ ಕಡೆ ತಿರುಗಿ, “ನೀವು ಮಕ್ಕಳಿಗೆ ಹೇಳುತ್ತಿದ್ದುದೇ ಇದಕ್ಕಿಂತ ಚೆನ್ನಾಗಿತ್ತು” ಎಂದಳು.